ನೆಲದಡಿಯ ನೀರು ಯಾರದು?

1972ರ ಬರಗಾಲದಲ್ಲಿ ನಾನು ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದುಕೊಂಡು ಪ್ರೌಢಶಾಲೆಯಲ್ಲಿ ಓದುತ್ತಿದ್ದೆ. ಆ ನಿಲಯದಲ್ಲಿ ಅಂದು ಜೊತೆಗಿದ್ದವರಲ್ಲಿ ಕೆಲವರಾದರೂ ಇಂದು ಈ ಪತ್ರಿಕೆಯ ಓದುಗರಾಗಿರುವರು; ಅವರಿಗೆ ಆ ಬೇಸಗೆಯನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಹಿತ್ತಿಲ ಬಾವಿಯ ತಳ ಕಾಣುತ್ತಿತ್ತು. ರಾಟೆಯ ಹಗ್ಗಕ್ಕೆ ಇನ್ನೊಂದು ಹಗ್ಗವನ್ನು ಗಂಟುಹಾಕಿದ್ದರು. ಬೆಳಗಿನ ಜಾವ ನಾವೆಲ್ಲರೂ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರಿಗೆ ಎರಡೆರಡು ಬಿಂದಿಗೆ. ಸ್ನಾನ, ಬಟ್ಟೆ, ಎಲ್ಲವೂ ಅಷ್ಟರಲ್ಲಿಯೇ ಮುಗಿಯಬೇಕು. ಪ್ರಸಾದ ಸ್ವೀಕರಿಸಿದ ಮೇಲೆ ತಟ್ಟೆಯನ್ನು ತೊಳೆದು ಆ ನೀರನ್ನು ಕುಡಿಯುವುದು ನಮಗೆ ಮೊದಲಿನಿಂದಲೂ ಇದ್ದ ಆಚಾರ. ಆ ವರ್ಷ ಅದರ ಅರ್ಥ ಮಾತ್ರ ಹೊಸದಾಗಿ ತಿಳಿಯಿತು.

ಒಂದು ದಿನ ನಾನು ಮೂರನೆಯ ಬಿಂದಿಗೆ ತುಂಬಿಕೊಂಡೆ. ಅಡುಗೆಯ ಅಜ್ಜ ನೋಡಿದರು. ಗದರಿಸಲಿಲ್ಲ. ನನ್ನ ಹೆಗಲು ಹಿಡಿದು ಸಾಲಿನ ಕಡೆಗೆ ತಿರುಗಿಸಿ, "ಇದು ಯಾರದು, ತೋರಿಸಪ್ಪಾ" ಎಂದರು. ಸಾಲಿನ ತುದಿಯಲ್ಲಿ ಐದನೆಯ ತರಗತಿಯ ಸಣ್ಣ ಹುಡುಗನೊಬ್ಬ ಖಾಲಿ ಬಿಂದಿಗೆಯ ಮೇಲೆ ಕುಳಿತಿದ್ದ. ನಾನು ಬೆರಳು ತೋರಿಸಲಾರದೆ ನೀರನ್ನು ತೊಟ್ಟಿಗೆ ಸುರಿದೆ.

ಈ ಪ್ರಸಂಗ ನೆನಪಾಗಲು ಕಾರಣವಿದೆ. ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಬಳಿಕ ನಾನು ಊರಿಗೆ ಮರಳಿ, ತಂದೆಯವರು ಬಿಟ್ಟುಹೋದ ಮೂರು ಎಕರೆಯಲ್ಲಿ ಅಡಿಕೆ ಹಾಕಿದೆ. ನಮ್ಮದು ಚಿತ್ರದುರ್ಗದ ಕಡೆಯ ಒಣನೆಲ. 2016ರಲ್ಲಿ ಮಳೆ ಕೈಕೊಟ್ಟಿತು. ಹಳೆಯ ಕೊಳವೆಬಾವಿ ಬತ್ತಿತು. ಪಾಯಿಂಟ್ ತೋರಿಸುವವರನ್ನು ಕರೆಸಿ, ಸಾಲಮಾಡಿ, 620 ಅಡಿ ಕೊರೆಸಿದೆ. ಎರಡೂವರೆ ಇಂಚು ನೀರು ಬಿತ್ತು. ಗಂಗಾಪೂಜೆ ಮಾಡಿ, ನೆರೆಹೊರೆಯವರಿಗೆಲ್ಲ ಸಿಹಿ ಹಂಚಿದೆ. ಸಿಹಿ ತಿಂದವರಲ್ಲಿ ಪಕ್ಕದ ಹೊಲದವರೂ ಒಬ್ಬರು. ಅವರ ಕೊಳವೆಬಾವಿ 280 ಅಡಿಯದು. ಮರುವರ್ಷದ ಬೇಸಗೆಯಲ್ಲಿ ಅದು ನಿಂತುಹೋಯಿತು. ಒಂದು ಸಂಜೆ ಬದುವಿನ ಮೇಲೆ ನಿಂತು ಅವರು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ನಿಮ್ಮ ಬೋರು ಹೆಂಗೈತೆ?" ನಡೀತಿದೆ ಎಂದೆ. ಅವರು ಮತ್ತೇನೂ ಕೇಳದೆ ಹೋದರು. ಆ ವರ್ಷ ಅವರು ತೋಟ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸಿದರು. ಅರ್ಧ ತೋಟ ಉಳಿಯಿತು, ಅರ್ಧ ಒಣಗಿತು.

ಅವರ ನೀರು ನನ್ನ ಬಾವಿಗೆ ಇಳಿಯಿತೇ, ಅಥವಾ ಬರಗಾಲವೇ ಅದನ್ನು ನುಂಗಿತೇ? ಯಾರೂ ನಿಶ್ಚಯವಾಗಿ ಹೇಳಲಾರರು. ನಮ್ಮ ಕಡೆಯ ಕಲ್ಲುನೆಲದಲ್ಲಿ ನೀರು ಕೆರೆಯಂತೆ ಒಂದೆಡೆ ನಿಂತಿರುವುದಿಲ್ಲ. ಮೇಲಿನ ಸಡಿಲ ಪದರದಲ್ಲಿಯೂ ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿಯೂ ಹಂಚಿಕೊಂಡಿರುವುದು. ಯಾವ ಬಿರುಕು ಯಾವ ಬಿರುಕಿಗೆ ಕೂಡಿದೆಯೆಂಬುದು ಮೇಲೆ ನಿಂತವನಿಗೆ ಕಾಣದು. ಮೂರನೆಯ ಬಿಂದಿಗೆಯನ್ನು ನಾನು ತುಂಬಿಕೊಂಡೆನೋ ಇಲ್ಲವೋ ತಿಳಿಯದು. ತುಂಬಿಕೊಂಡಿದ್ದರೂ ಈ ಸಾರಿ ಸಾಲು ಕಣ್ಣಿಗೆ ಕಾಣುತ್ತಿರಲಿಲ್ಲ. ಇಂದಿನ ಜಲಕ್ಷಾಮದ ನೈತಿಕ ಸಮಸ್ಯೆಯೆಲ್ಲವೂ ಈ ಕಾಣದ ಸಾಲಿನಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ.

ಕಾನೂನು ಮಾತ್ರ ನನ್ನನ್ನು ಅಂದೇ ನಿರ್ದೋಷಿಯೆಂದು ಬಿಟ್ಟಿತು. 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮದ ಪ್ರಕಾರ, ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದಡಿ ಇರುವ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ಬಳಸುವ ಹಕ್ಕು ನೆಲದ ಒಡೆಯನದು. ಈ ನ್ಯಾಯದ ತವರು ನಮ್ಮ ನಾಡಲ್ಲ. 1843ರಲ್ಲಿ ಇಂಗ್ಲೆಂಡಿನಲ್ಲಿ ಹತ್ತಿಗಿರಣಿಯೊಂದರ ಬಾವಿ ನೆರೆಯ ಕಲ್ಲಿದ್ದಲ ಗಣಿಯಿಂದಾಗಿ ಬತ್ತಿದಾಗ, ಗಣಿಯವನು ತನ್ನ ನೆಲದಲ್ಲಿ ಅಗೆದದ್ದಕ್ಕೆ ಹೊಣೆಗಾರನಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಲ್ಯಾಂಕಶೈರಿನಲ್ಲಿ ವರ್ಷವೆಲ್ಲ ಮಳೆ ಜಿನುಗುತ್ತಿರುವುದರಿಂದ ಆ ತೀರ್ಪಿನಿಂದ ಯಾರೂ ಬಾಯಾರಿ ಸಾಯಲಿಲ್ಲ. ಮಳೆಯ ನಾಡಿನ ಆ ನ್ಯಾಯವೇ ಹಡಗು ಹತ್ತಿ ಒಣನಾಡುಗಳಿಗೆ ಬಂದಿತು. 1904ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಡೆನಿಸನ್ ಎಂಬ ಊರಿನಲ್ಲಿ ರೈಲ್ವೆ ಕಂಪನಿಯೊಂದು ದೊಡ್ಡ ಬಾವಿ ತೋಡಿ, ಪಕ್ಕದ ಮನೆಯ ಬಾವಿ ಬತ್ತಿದಾಗ, ಆ ರಾಜ್ಯದ ಉಚ್ಚ ನ್ಯಾಯಪೀಠವೂ ಇದನ್ನೇ ಎತ್ತಿಹಿಡಿಯಿತು. ನೆಲದಡಿಯ ನೀರಿನ ಚಲನೆ ಗುಪ್ತವಾದುದು, ಅದಕ್ಕೆ ನಿಯಮ ಕಟ್ಟುವುದು ಅಸಾಧ್ಯ ಎಂಬುದು ಅಲ್ಲಿ ಮುಂದಿಟ್ಟ ಕಾರಣಗಳಲ್ಲೊಂದು. ಕಾಣದುದಕ್ಕೆ ಧರ್ಮವಿಲ್ಲ ಎಂದಂತಾಯಿತು! ವಿಚಿತ್ರವೆಂದರೆ, ಇಂಗ್ಲೆಂಡು ತಾನೇ 1963ರಲ್ಲಿ ನೀರೆತ್ತಲು ಪರವಾನಗಿ ಬೇಕೆಂಬ ಕಾಯಿದೆ ಮಾಡಿಕೊಂಡಿತು. ಅವರು ಬಿಟ್ಟ ಅಂಗಿಯನ್ನು ನಾವು ಇನ್ನೂ ತೊಟ್ಟಿದ್ದೇವೆ.

ಆ ಅಂಗಿ ತೊಟ್ಟವರ ಗತಿಯೇನಾಯಿತೆಂಬುದನ್ನು ಅಮೆರಿಕದ ಮಧ್ಯಭಾಗದಲ್ಲಿ ನೋಡಬಹುದು. ಅಲ್ಲಿ ಎಂಟು ರಾಜ್ಯಗಳ ಅಡಿಯಲ್ಲಿ ಹರಡಿರುವ ಓಗಲ್ಲಾಲ ಎಂಬ ಅಂತರ್ಜಲದ ನಿಧಿಯು ಸುಮಾರು 4,50,000 ಚದರ ಕಿಲೋಮೀಟರ್ ವಿಸ್ತಾರವುಳ್ಳದ್ದು. ನಮ್ಮ ಕರ್ನಾಟಕದ ಎರಡರಷ್ಟಕ್ಕೂ ಹೆಚ್ಚು. ಅದರ ಬಹುಭಾಗ ಸಾವಿರಾರು ವರ್ಷಗಳ ಹಿಂದೆ ಇಂಗಿದ ನೀರು. ಎರಡನೆಯ ಮಹಾಯುದ್ಧದ ಬಳಿಕ ಶಕ್ತಿಯುತ ಪಂಪುಗಳು ಬಂದವು. ಗೋಧಿ, ಮೆಕ್ಕೆಜೋಳ, ಹತ್ತಿ ಬೆಳೆದು ನಿಂತವು. ಇಂದು ಟೆಕ್ಸಾಸಿನ ಉತ್ತರದಲ್ಲಿಯೂ ಕ್ಯಾನ್ಸಾಸಿನ ಪಶ್ಚಿಮದಲ್ಲಿಯೂ ಎಷ್ಟೋ ಬಾವಿಗಳು ಬತ್ತಿವೆ. ಅಲ್ಲಿ ಮಳೆಯಿಂದ ಮರುಪೂರಣವಾಗುವುದು ಅತಿ ಸ್ವಲ್ಪ. ಬರಿದಾದ ಭಾಗ ತುಂಬಬೇಕಾದರೆ ಅನೇಕ ತಲೆಮಾರುಗಳು ಕಳೆಯಬೇಕು. ಅಲ್ಲಿನ ಸಾಲಿನ ತುದಿಯಲ್ಲಿ ಕುಳಿತಿರುವವರು ಇನ್ನೂ ಹುಟ್ಟಿಲ್ಲ.

ಅಮೆರಿಕದವರನ್ನು ದೂಷಿಸುವ ಮುನ್ನ ನಮ್ಮ ಮನೆಯ ಲೆಕ್ಕವನ್ನು ನೋಡಬೇಕು. ಜಗತ್ತಿನಲ್ಲಿ ಅಂತರ್ಜಲವನ್ನು ಅತಿ ಹೆಚ್ಚು ಎತ್ತುವ ದೇಶ ಭಾರತವೇ. ವರ್ಷಕ್ಕೆ ಸುಮಾರು 24,000 ಕೋಟಿ ಘನ ಮೀಟರ್, ಅದರಲ್ಲಿ ಶೇ. 85ಕ್ಕೂ ಹೆಚ್ಚು ಬೇಸಾಯಕ್ಕೆ. ಕೆರೆ ಕಟ್ಟಿ ಬದುಕಿದ ನಾಡು ಕೊಳವೆ ಇಳಿಸಿ ಬದುಕತೊಡಗಿ ಐವತ್ತು ವರ್ಷವೂ ಸರಿಯಾಗಿ ಆಗಿಲ್ಲ. 2023ರಲ್ಲಿ ಮಳೆ ತಪ್ಪಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಮರುವರ್ಷದ ಬೇಸಗೆಯಲ್ಲಿ ಬೆಂಗಳೂರಿನಂತಹ ರಾಜಧಾನಿಯಲ್ಲಿಯೇ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ಹಿಂದೆ ಓಡಿದರು. ಇದು ಲೋಕವ್ಯಾಪಿಯಾದ ವ್ಯಾಧಿಯೆಂಬುದು ವಿಶ್ವಸಂಸ್ಥೆಗೂ ಹೊಸತಲ್ಲ. 1977ರಲ್ಲಿಯೇ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಜಲ ಸಮ್ಮೇಳನವನ್ನೂ ನೈರೋಬಿಯಲ್ಲಿ ಮರುಭೂಮೀಕರಣದ ಸಮ್ಮೇಳನವನ್ನೂ ಅದು ನಡೆಸಿತು. ಅಂತಹುದೇ ಜಲ ಸಮ್ಮೇಳನ ಮತ್ತೊಮ್ಮೆ ಕೂಡಿದ್ದು 2023ರಲ್ಲಿ, ನಲವತ್ತಾರು ವರ್ಷಗಳ ಮೇಲೆ. ಕುಂಭಕರ್ಣನಾದರೂ ಆರು ತಿಂಗಳಿಗೊಮ್ಮೆ ಏಳುತ್ತಿದ್ದ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕೊಳವೆಬಾವಿ ಕೊರೆಸುವ ರೈತ ದುರಾಶೆಯವನಲ್ಲ. ಕೆರೆ ಹೂಳು ತುಂಬಿದೆ, ಕಾಲುವೆ ಅವನ ಊರಿಗೆ ಬಂದಿಲ್ಲ, ಮಗಳ ಮದುವೆಯಿದೆ, ಬ್ಯಾಂಕಿನ ಸಾಲವಿದೆ. ಅವನು ನೀರೆತ್ತದೆ ತ್ಯಾಗಮಾಡಿದರೆ ಆ ನೀರು ನೆಲದಲ್ಲಿ ಉಳಿಯುವುದೇ? ಉಳಿಯದು, ಪಕ್ಕದವನ ಆಳವಾದ ಕೊಳವೆಗೆ ಹೋಗುವುದು. ಹೀಗಿರುವಾಗ ಒಬ್ಬನ ಸಂಯಮವು ಪುಣ್ಯವೋ ಪೆದ್ದುತನವೋ? ನೀರನ್ನು ಮಿತವಾಗಿ ಬಳಸಿರೆಂದು ವೇದಿಕೆಯ ಮೇಲೆ ಉಪದೇಶಿಸುವವರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನಾನೂ ಅಂತಹ ಉಪದೇಶಗಳನ್ನು ಮಾಡಿದ್ದೇನೆ.

ಮಾಡಿದ್ದು ಮಾತ್ರವಲ್ಲ, ಆಚರಿಸಿಯೂ ನೋಡಿದೆ. 2018ರಲ್ಲಿ ತೋಟಕ್ಕೆಲ್ಲ ಹನಿ ನೀರಾವರಿ ಹಾಕಿಸಿದೆ. ಕೊಳವೆಬಾವಿಯ ಸುತ್ತ ಇಂಗುಗುಂಡಿ ತೋಡಿಸಿದೆ. ನೋಡಲು ಬಂದವರಿಗೆ ಉತ್ಸಾಹದಿಂದ ವಿವರಿಸುತ್ತಿದ್ದೆ. ಎರಡು ವರ್ಷದಲ್ಲಿ ನೀರು ಉಳಿತಾಯವಾದುದು ಕಂಡಿತು. ಉಳಿದ ನೀರಿನಲ್ಲಿ ಏನು ಮಾಡಿದೆ? ಜೋಳ ಬಿತ್ತುತ್ತಿದ್ದ ಇನ್ನೊಂದು ಎಕರೆಗೆ ಅಡಿಕೆ ನೆಟ್ಟೆ! ಮೋಟಾರು ಓಡುವ ಗಂಟೆ ಕಡಿಮೆಯಾಗಲಿಲ್ಲ. ಕ್ಯಾನ್ಸಾಸಿನಲ್ಲಿಯೂ ಇದೇ ಆಯಿತು: ನೀರುಳಿಸುವ ಹೊಸ ಸಲಕರಣೆಗಳು ಬಂದಮೇಲೆ ರೈತರು ಹೆಚ್ಚು ನೀರು ಬೇಡುವ ಬೆಳೆಗೆ ತಿರುಗಿ, ಎತ್ತುವ ಪ್ರಮಾಣ ಇಳಿಯುವ ಬದಲು ಏರಿತು. ಸಲಕರಣೆ ನೀರನ್ನು ಉಳಿಸಬಲ್ಲುದು. ಉಳಿದ ನೀರು ಯಾರದೆಂಬುದನ್ನು ಅದು ತೀರ್ಮಾನಿಸಲಾರದು.

ಈ ಸಂದರ್ಭದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗವು ನೆನಪಿಗೆ ಬಾರದಿರದು. ಕೆರೆ ಕಟ್ಟುವುದನ್ನೇ ಶಿವಪೂಜೆಯಾಗಿ ಮಾಡಿಕೊಂಡ ಮಹಾನುಭಾವರು ಅವರು. ಇಂದಿಗೂ ಸೊಲ್ಲಾಪುರದ ಕೆರೆಯ ನಡುವೆ ಅವರ ದೇಗುಲವಿದೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಆ ಕೆರೆ ತೋಡುವ ಕಾಯಕವನ್ನೇ ಕೆಣಕಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ವಿದ್ಯಾರ್ಥಿಯಾಗಿದ್ದಾಗ ಈ ಭಾಗವನ್ನು ಓದಿ ನನಗೆ ಅಲ್ಲಮರ ಮೇಲೆ ಸಿಟ್ಟು ಬಂದಿತ್ತು. ಬಾಯಾರಿದ ಊರಿಗೆ ನೀರು ಕೊಡುವವರನ್ನು ಕೆಣಕುವುದೇಕೆ? ಈಗ ಬೇರೆಯಾಗಿ ತಿಳಿಯುತ್ತದೆ. ಪ್ರಭುಗಳ ಆಕ್ಷೇಪಣೆ ಕೆರೆಯ ಮೇಲಲ್ಲ. ಕಟ್ಟಿದವನು ನಾನು ಎಂಬ ಭಾವದ ಮೇಲೆ. ಸಿದ್ಧರಾಮರಂತಹವರಿಗೇ ಆ ಎಚ್ಚರಿಕೆ ಬೇಕಾಗಿದ್ದರೆ, ಒಂದು ಇಂಗುಗುಂಡಿ ತೋಡಿಸಿ ಊರಿಗೆಲ್ಲ ತೋರಿಸುತ್ತಿದ್ದ ನನ್ನಂತಹವನ ಮಾತೇನು! ನಾನು ಉಳಿಸಿದೆ, ಆದುದರಿಂದ ನನ್ನದು ಎಂಬ ತರ್ಕವು ನಾನು ಕೊರೆಸಿದೆ, ಆದುದರಿಂದ ನನ್ನದು ಎಂಬುದರ ತಮ್ಮನೇ ಆಗಿದೆ.

ನಮ್ಮ ಹಿರಿಯರು ಪದಾರ್ಥ, ಪ್ರಸಾದ ಎಂಬ ಎರಡು ಮಾತುಗಳನ್ನು ಬೇರ್ಪಡಿಸಿದರು. ಕೈಗೆ ಬಂದುದು ಪದಾರ್ಥ. ಅರ್ಪಿತವಾಗಿ ಮರಳಿ ಬಂದುದು ಪ್ರಸಾದ. ಪ್ರಸಾದವು ಪಡೆದವನದೇ, ಸಂದೇಹವಿಲ್ಲ. ಅವನು ಉಣ್ಣಬಹುದು, ತೃಪ್ತಿಪಡಬಹುದು. ಆದರೆ ಅದನ್ನು ಮಾರುವಂತಿಲ್ಲ, ಚೆಲ್ಲುವಂತಿಲ್ಲ, ಪಂಕ್ತಿಯಲ್ಲಿ ಇನ್ನೊಬ್ಬನಿಗೆ ಬಡಿಸದಿರುವಾಗ ಎರಡನೆಯ ಸಲ ಕೈಯೊಡ್ಡುವಂತಿಲ್ಲ. ಕಾನೂನಿನ ಪುಸ್ತಕದಲ್ಲಿ 'ನನ್ನದು' ಮತ್ತು 'ಸರ್ಕಾರದ್ದು' ಎಂಬ ಎರಡೇ ಮನೆಗಳಿವೆ. ನೀರು ಇರಬೇಕಾದುದು ಈ ಮೂರನೆಯ ಮನೆಯಲ್ಲಿ. ಮತ್ತು ಪಂಕ್ತಿ ಎಂಬುದು ಒಬ್ಬನಿಂದ ಆಗುವುದಲ್ಲ. ಎಲ್ಲರೂ ಕುಳಿತಾಗಲೇ ಪಂಕ್ತಿ.

ಪಂಕ್ತಿ ಕಣ್ಣಿಗೆ ಕಂಡರೆ ಮನುಷ್ಯರು ಹೇಗೆ ನಡೆದುಕೊಳ್ಳುವರೆಂಬುದಕ್ಕೆ ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರ ಸಾಕ್ಷಿಯಾಗಿದೆ. 2015ರಿಂದ 2017ರವರೆಗೆ ಸತತ ಮೂರು ವರ್ಷ ಮಳೆ ಕೈಕೊಟ್ಟು, ಸುಮಾರು 40 ಲಕ್ಷ ಜನರ ಆ ನಗರದ ಜಲಾಶಯಗಳು ಬರಿದಾಗತೊಡಗಿದವು. 2018ರ ಏಪ್ರಿಲ್ ತಿಂಗಳ ಒಂದು ದಿನದಂದು ಮನೆಯ ನಲ್ಲಿಗಳನ್ನು ನಿಲ್ಲಿಸಿ, ಸುಮಾರು 200 ಕೇಂದ್ರಗಳಲ್ಲಿ ತಲೆಗೆ 25 ಲೀಟರಿನಂತೆ ಅಳೆದುಕೊಡುವುದಾಗಿ ಅಧಿಕಾರಿಗಳು ಸಾರಿದರು. ಆ ದಿನಕ್ಕೆ ಅವರಿಟ್ಟ ಹೆಸರು 'ಶೂನ್ಯ ದಿನ'. (ಶೂನ್ಯವೆಂಬ ಮಾತನ್ನು ನಾವು ಬೇರೆಯ ಅರ್ಥದಲ್ಲಿ ಬಲ್ಲವರು, ಆ ಊರಿನವರಿಗೆ ಅದು ನಲ್ಲಿಯ ಬಾಯಿಯಲ್ಲಿ ಕಂಡಿತು.) ಫೆಬ್ರವರಿ 1ರಿಂದ ಪ್ರತಿಯೊಬ್ಬರಿಗೆ ದಿನಕ್ಕೆ 50 ಲೀಟರಿನ ಮಿತಿ ಬಂತು. ಜಲಾಶಯದಲ್ಲಿ ಉಳಿದಿರುವ ನೀರೆಷ್ಟೆಂಬುದನ್ನು ಹೆದ್ದಾರಿಯ ಫಲಕಗಳಲ್ಲಿ ತೋರಿಸಿದರು. ಯಾವ ಮನೆ ಮಿತಿಯೊಳಗಿದೆ ಎಂಬುದನ್ನು ನಗರದ ನಕಾಶೆಯ ಮೇಲೆ ಹಸಿರು ಚುಕ್ಕೆಯಿಟ್ಟು ಪ್ರಕಟಿಸಿದರು. ಅಡುಗೆಯ ಅಜ್ಜ ಹೆಗಲು ಹಿಡಿದು ತಿರುಗಿಸಿದಂತೆಯೇ ಇದು. 2015ರಲ್ಲಿ ದಿನಕ್ಕೆ ಸುಮಾರು 120 ಕೋಟಿ ಲೀಟರ್ ಬಳಸುತ್ತಿದ್ದ ನಗರವು 2018ರ ಆರಂಭದ ಹೊತ್ತಿಗೆ ಅದನ್ನು ಸುಮಾರು 50 ಕೋಟಿಗೆ ಇಳಿಸಿತು. ಅದೇ ಫೆಬ್ರವರಿಯಲ್ಲಿ ನಗರದ ಹೊರಗಿನ ಹಣ್ಣುತೋಟದ ರೈತರ ಸಂಘವೊಂದು ತನ್ನ ಸಂಗ್ರಹದಿಂದ 1,000 ಕೋಟಿ ಲೀಟರ್ ನೀರನ್ನು ನಗರದ ಜಲಾಶಯಕ್ಕೆ ಬಿಟ್ಟುಕೊಟ್ಟಿತು. ದಾಸೋಹವೆಂಬ ಪದ ಅವರಿಗೆ ಗೊತ್ತಿರಲಾರದು. ಅದರ ನಡೆ ಗೊತ್ತಿತ್ತು. ಶೂನ್ಯ ದಿನ ಬರಲಿಲ್ಲ. ಜೂನಿನಲ್ಲಿ ಮಳೆ ಬಂತು.

ಆದರೂ ಈ ಕಥೆಯನ್ನು ಪೂರಾ ಸಿಹಿಯಾಗಿ ಹೇಳುವುದು ಅಪ್ರಾಮಾಣಿಕವಾದೀತು. ಅದೇ ನಗರದ ಗುಡಿಸಲು ಬಡಾವಣೆಗಳ ಜನರು ಬರಕ್ಕೆ ಮುಂಚೆಯೂ ಬೀದಿನಲ್ಲಿಯ ಮುಂದೆ ಕೊಡ ಹಿಡಿದು ನಿಂತವರೇ, ಬರ ಕಳೆದ ಮೇಲೆಯೂ ನಿಂತವರೇ. ಈಜುಕೊಳವುಳ್ಳವರಿಗೆ ಯಾವುದು ಮಹಾವಿಪತ್ತಾಗಿ ತೋರಿತೋ ಅದು ಇವರ ನಿತ್ಯಜೀವನವಾಗಿತ್ತು. ಎಲ್ಲರೂ ಸಮನಾಗಿ ಉಳಿಸಬೇಕೆಂಬ ಮಾತು ಮೊದಲೇ ಇಲ್ಲದವನ ಕಿವಿಯಲ್ಲಿ ಹೇಗೆ ಕೇಳಿಸುವುದು? ಉಳಿಸುವ ಧರ್ಮ ಹಂಚುವ ಧರ್ಮದ ಹಿಂದೆ ಬರಬೇಕೇ ಹೊರತು ಮುಂದೆ ಬರಲಾಗದು.

ಹಂಚುವುದನ್ನೇ ಮೊದಲಿಟ್ಟುಕೊಂಡ ಪ್ರಯೋಗವೊಂದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿಯೇ ನಡೆಯಿತು. ನಾವು ನಿಲಯದಲ್ಲಿ ಎರಡು ಬಿಂದಿಗೆಯಲ್ಲಿ ಮೀಯುತ್ತಿದ್ದ ಅದೇ 1972ರ ಬರವು ವಿಲಾಸರಾವ್ ಸಾಳುಂಖೆ ಎಂಬ ಇಂಜಿನಿಯರರನ್ನು ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿಗೆ ಕರೆದೊಯ್ದಿತು. ಅವರು ನಾಯಗಾಂವ್ ಎಂಬ ಹಳ್ಳಿಯಲ್ಲಿ ದೇವಸ್ಥಾನಕ್ಕೆ ಸೇರಿದ 40 ಎಕರೆ ಬರಡು ನೆಲವನ್ನು ಗುತ್ತಿಗೆ ಹಿಡಿದು, ಬದು ಹಾಕಿ, ಹರಿಯುವ ನೀರಿಗೆ ಒಡ್ಡು ಕಟ್ಟಿ, ತಾವೇ ಅಲ್ಲಿ ಬೆಳೆ ತೆಗೆದು ತೋರಿಸಿದರು. ಆಮೇಲೆ ಅವರು ಕಟ್ಟಿದ್ದೇ ಪಾಣಿ ಪಂಚಾಯತಿ. ಅದರ ನಿಯಮಗಳನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನೀರು ಎಕರೆಗಲ್ಲ, ತಲೆಗೆ: ಮನೆಯಲ್ಲಿ ಎಷ್ಟು ಜನರೋ ತಲೆಗೆ ಅರ್ಧ ಎಕರೆಗಾಗುವಷ್ಟು, ಒಂದು ಕುಟುಂಬಕ್ಕೆ ಎರಡೂವರೆ ಎಕರೆಗೆ ಮೀರದಂತೆ. ನೆಲ ಮಾರಿದರೆ ನೀರಿನ ಹಕ್ಕು ನೆಲದ ಜೊತೆ ಹೋಗದು, ಸಂಘಕ್ಕೆ ಮರಳುವುದು. ಕಬ್ಬು ಬೆಳೆಯಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಗುಂಟೆ ನೆಲವೂ ಇಲ್ಲದ ಕೂಲಿಯವನಿಗೂ ನೀರಿನಲ್ಲಿ ಪಾಲುಂಟು. ನೆಲವಿಲ್ಲದವನಿಗೆ ನೀರೇಕೆಂದು ಕೇಳುವವರಿಗೆ ಉತ್ತರ ಸರಳವಾಗಿದೆ: ಅವನು ಪಾಲಿಗೆ ನೆಲ ಮಾಡಬಹುದು. ಆಕಾಶದಿಂದ ಬಿದ್ದ ನೀರು ಪಹಣಿ ನೋಡಿ ಬೀಳಲಿಲ್ಲವಲ್ಲ.

ಸಾಳುಂಖೆಯವರು 2002ರಲ್ಲಿ ತೀರಿಕೊಂಡರು. ಅವರ ಯೋಜನೆಗಳೆಲ್ಲವೂ ನಿಲ್ಲಲಿಲ್ಲ. ಕಬ್ಬಿನ ಆಸೆ ಸಣ್ಣದಲ್ಲ. ಆದರೆ ಒಪ್ಪಂದದಿಂದ ಸಂಯಮ ಸಾಧ್ಯವೆಂಬುದು ಸುಳ್ಳಾಗಲಿಲ್ಲ. ಓಗಲ್ಲಾಲದ ಮೇಲೆಯೇ, ಕ್ಯಾನ್ಸಾಸಿನ ಶೆರಿಡನ್ ಎಂಬ ಸೀಮೆಯ ರೈತರು 2013ರಲ್ಲಿ ತಾವಾಗಿ ಕೂಡಿ, ಐದು ವರ್ಷಗಳ ಕಾಲ ಶೇ. 20ರಷ್ಟು ಕಡಿಮೆ ನೀರೆತ್ತುವೆವೆಂದು ನಿರ್ಧರಿಸಿ, ಅದಕ್ಕೆ ಸರ್ಕಾರದ ಮುದ್ರೆ ಹಾಕಿಸಿಕೊಂಡರು. ಗುರಿಗಿಂತ ಹೆಚ್ಚೇ ಉಳಿಸಿದರು. ಅವರ ಆದಾಯ ಕುಸಿಯಲಿಲ್ಲ. ಅವಧಿ ಮುಗಿದಾಗ ಒಪ್ಪಂದವನ್ನು ಮುಂದುವರಿಸಿದರು. ಒಬ್ಬೊಬ್ಬರಾಗಿ ಅವರಲ್ಲಿ ಯಾರೂ ಅದನ್ನು ಮಾಡಲಾಗುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿಯೂ 2011ರ ಅಂತರ್ಜಲ ಅಧಿನಿಯಮವಿದೆ. ಕಾಯಿದೆ ಬೇಕು. ಆದರೆ ಬೋರ್‌ವೆಲ್ ಲಾರಿ ರಾತ್ರಿ ಹನ್ನೊಂದಕ್ಕೆ ಬಂದು ಬೆಳಗಾಗುವುದರೊಳಗೆ ಕೊರೆದು ಹೋಗುವುದನ್ನು ಯಾವ ಅಧಿಕಾರಿ ಕಾಯಬಲ್ಲ? ಪಕ್ಕದ ಹೊಲದವನು ಮಾತ್ರ ಕಾಯಬಲ್ಲ. ಅವನಿಗೆ ಕೇಳುವ ಅಧಿಕಾರವನ್ನು ನಾವು ಕೊಟ್ಟಿದ್ದರೆ.

ಕಳೆದ ವರ್ಷ ನಾನು ಬದು ದಾಟಿ ಪಕ್ಕದವರ ಮನೆಗೆ ಹೋದೆ. ನನ್ನ ಕೊಳವೆಬಾವಿಯ ನೀರನ್ನು ಅಳೆದು ಹಂಚಿಕೊಳ್ಳೋಣವೆಂದೆ. ಅವರು ತಕ್ಷಣ ಒಪ್ಪಲಿಲ್ಲ. "ದಾನ ಆದ್ರೆ ಬ್ಯಾಡ ಮೇಷ್ಟ್ರೇ" ಎಂದರು. ದಾನವಲ್ಲ, ನಿಮ್ಮದೇ ಇರಬಹುದು ಎಂದೆ. ಬಹಳ ಹೊತ್ತಿನ ಮೇಲೆ, "ಹಂಗಾದ್ರೆ ಬರ‍್ದು ಇಡ್ರಿ" ಎಂದರು.

ಬರೆದಿಟ್ಟೆವು. ಮೋಟಾರಿಗೆ ಮೀಟರು ಹಾಕಿಸಿ, ವಿದ್ಯುತ್ ಇರುವ ಹೊತ್ತಿನಲ್ಲಿ ದಿನ ಬಿಟ್ಟು ದಿನ ಸರದಿ. ಹೊಸದಾಗಿ ನೆಟ್ಟಿದ್ದ ಒಂದು ಎಕರೆಯ ಅಡಿಕೆಯನ್ನು ನಾನು ಕೈಬಿಟ್ಟು ಮತ್ತೆ ಜೋಳ ಬಿತ್ತಿದ್ದೇನೆ. ಮಗನಿಗೆ ಇದು ಇನ್ನೂ ಸಮಾಧಾನವಾಗಿಲ್ಲ. ಆ ಹಳ್ಳದ ದಂಡೆಯಲ್ಲಿ ಒಟ್ಟು ಹನ್ನೊಂದು ಕೊಳವೆಬಾವಿಗಳಿವೆ. ಐವರು ಕಾಗದಕ್ಕೆ ಸಹಿ ಮಾಡಿದ್ದಾರೆ. ಇಬ್ಬರು ಮಳೆಗಾಲ ಕಳೆಯಲಿ ಎಂದಿದ್ದಾರೆ. ಉಳಿದ ನಾಲ್ವರಲ್ಲಿ ಒಬ್ಬರು ನನ್ನ ಹಳೆಯ ಶಿಷ್ಯರು, ಇದೇ ಮಠದ ನಿಲಯದಲ್ಲಿ ಓದಿದವರು. ಅವರು ಹೋದ ತಿಂಗಳು 900 ಅಡಿ ಕೊರೆಸಿದರು. ಸಿಹಿ ಕಳಿಸಿದ್ದರು. ಈ ಸೋಮವಾರ ಅವರ ಮನೆಗೆ ಹೋಗುವವನಿದ್ದೇನೆ. ಪಕ್ಕದ ಹೊಲದವರೂ ಜೊತೆಗೆ ಬರುತ್ತೇನೆಂದಿದ್ದಾರೆ.